ಸೆಮ್ಸೆಮಾಗೆ ಬಣ್ಣ ಹಚ್ಚಿದವಳು

ಶಾಬಾನ್ ೮, ಮಂಗಳವಾರ

ಕೊನೆಗೂ ನಮ್ಮ ಮೇಕಪ್ ಗುರು ಉಸ್ತಾಜ್ ವಗ್ದಿ ಬಾಯಿ ಬಿಟ್ಟರು. ಹನ್ನೊಂದು ವರ್ಷ ಅವರ ಕೈಕೆಳಗೆ ಸ್ಪಂಜು ಹಿಂಡಿದ್ದೇನೆ, ಬ್ರಷ್ ತೊಳೆದಿದ್ದೇನೆ. ಅವರು ಸಿಗರೇಟು ಸೇದಲು ಹೊರಗೆ ಹೋದಾಗಲೆಲ್ಲ ಅವರ ಹೆಸರಿನ ಮುಖಗಳನ್ನು ನಾನೇ ಮುಗಿಸಿದ್ದೇನೆ. ಇವತ್ತು ಕರೆದು ಹೇಳಿದರು: "ನಬ್ರಾ, ಈ ರಂಜಾನ್ ಧಾರಾವಾಹಿಯಲ್ಲಿ ನಾಯಕಿ ಮುಖ ಪೂರ್ತಿ ನಿಂದೇ. ಟೈಟಲ್‌ನಲ್ಲಿ ನಿನ್ನ ಹೆಸರು ಹಾಕಿಸ್ತೀನಿ. ಮಾತು ಅಂದ್ರೆ ಮಾತು."

ಕುಣಿದುಬಿಡಬೇಕು ಅನ್ನಿಸಿತು. ಈದ್ ಹಬ್ಬ ಕಳೆದ ಮೇಲೆ ಕೆಲಸಗಾರರ ಸಂಘದ ಕಾರ್ಡಿಲ್ಲದವರನ್ನು ಸ್ಟುಡಿಯೋ ಗೇಟಿನೊಳಗೆ ಬಿಡುವುದಿಲ್ಲವಂತೆ. ಟೈಟಲ್‌ನಲ್ಲಿ ಹೆಸರು ಬರದೆ ಸಂಘ ಕಾರ್ಡು ಕೊಡುವುದಿಲ್ಲ. ನಲವತ್ತೊಂದನೇ ವಯಸ್ಸಿಗೆ ನನ್ನನ್ನು ಗೇಟಿನಾಚೆ ನಿಲ್ಲಿಸಿದರೆ ಅವ್ವ, ಮಗಳು ಅಶ್ರಿ, ನಾನು ಮೂವರೂ ಬೀದಿ ನೋಡಬೇಕಾಗುತ್ತದೆ.

ಪಾತ್ರ ಏನು ಅಂತ ಅವರು ಹೇಳಿದ್ದು ಆಮೇಲೆ, ಕೈ ಒರೆಸಿಕೊಳ್ಳುತ್ತ. ನಟಿ ನೆವೀನ್ ಬಾರೂದಿ ಈ ಸಲ ದಕ್ಷಿಣದ ನಮ್ಮ ನೂಬಿಯಾದ ಕೆಲಸದವಳಾಗುತ್ತಾಳೆ. ಹೆಸರು ಸೆಮ್ಸೆಮಾ. ಹಾಸ್ಯದ ಧಾರಾವಾಹಿ. ಆ ಹಾಲುಬಣ್ಣದ ಮುಖವನ್ನು ಕಪ್ಪು ಮಾಡಬೇಕು. "ಆ ಬಣ್ಣ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳು?" ಅಂದರು.

ಆಗಲಿ ಅಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ, ಅದು ನಿಜ.

ಅವ್ವನಿಗೆ ಹೆಸರಿನ ವಿಷಯ ಮಾತ್ರ ಹೇಳಿದೆ. ಅವಳಿಗೆ ಅಕ್ಷರ ಬರುವುದಿಲ್ಲ. ಮೊಮ್ಮಗಳನ್ನು ಹಿಡಿದು ಕೂರಿಸಿ ಆಣೆ ಹಾಕಿಸಿಕೊಂಡಳು: "ದಿನಾ ಒಂದೊಂದು ಹೆಸರೂ ನನಗೆ ಓದಿ ಹೇಳ್ಬೇಕು ನೋಡು. ನಿಮ್ಮಮ್ಮನ ಹೆಸರು ಬಂದಾಗ ಗಟ್ಟಿಯಾಗಿ ಓದು, ಕೆಳಗಿನ ಮನೆ ಉಮ್ಮ್ ರಾಮಿಜ್‌ಗೂ ಕೇಳಿಸ್ಬೇಕು."

ಶಾಬಾನ್ ೧೦, ಗುರುವಾರ

ಬಣ್ಣದ ಪರೀಕ್ಷೆ. ನಾನು ಯಾವ ಬಣ್ಣವನ್ನಾದರೂ ಮೊದಲು ನನ್ನ ಎಡ ಮುಂಗೈ ಮೇಲೆ ಹಚ್ಚಿ ನೋಡುತ್ತೇನೆ. ಹನ್ನೊಂದು ವರ್ಷದ ಅಭ್ಯಾಸ. ಇವತ್ತು ಕಲಸಿದ್ದನ್ನು ಹಚ್ಚಿದರೆ ಕಾಣಿಸಲೇ ಇಲ್ಲ, ಚರ್ಮದೊಳಗೆ ಹೋಗಿ ಕೂತುಬಿಟ್ಟಿತು. ಇದೇ ಸರಿ ಅಂದುಕೊಂಡು ನೆವೀನ್ ಮೇಡಂ ಮುಖಕ್ಕೆ ಹಚ್ಚಿದೆ. ಚೆನ್ನಾಗಿತ್ತು. ನಮ್ಮ ಚಿಕ್ಕಮ್ಮನ ಮಗಳೊಬ್ಬಳು ಕುರ್ಚಿಯಲ್ಲಿ ಕೂತ ಹಾಗಿತ್ತು.

ನಿರ್ದೇಶಕರು ಬಂದರು, ತಲೆ ಓರೆ ಮಾಡಿ ನೋಡಿದರು. "ಇಲ್ಲಪ್ಪ, ಇದು ತೀರಾ ನಿಜದ ಹಾಗಿದೆ. ಜನಕ್ಕೆ ನಗು ಬರಲ್ಲ. ಇನ್ನೂ ಕಪ್ಪು ಮಾಡು, ತುಟಿ ದಪ್ಪ ಮಾಡು."

ಮಾಡಿದೆ.

ಹಿಂದೆ ನಿಂತು ಮೂಗಿನ ಅಂಚು ಸರಿಮಾಡುವಾಗ ಕ್ಯಾಮೆರಾದವನು ಕೂಗಿದ: "ಏ ಚಾಕಲೇಟು, ಸ್ವಲ್ಪ ಪಕ್ಕಕ್ಕೆ ಹೋಗಮ್ಮ! ಕನ್ನಡಿಯಲ್ಲಿ ಇಬ್ಬಿಬ್ಬರು ಸೆಮ್ಸೆಮಾ ಕಾಣ್ತಿದ್ದಾರೆ." ಎಲ್ಲರೂ ನಕ್ಕರು. ಪಕ್ಕಕ್ಕೆ ಹೋದೆ.

ದೀಪದ ಬಿಸಿಗೆ ನನ್ನ ಮುಖ ಬಾಡಿದ ಹಾಗೆ ಕಾಣುತ್ತಿತ್ತು. ಒಂದಿಷ್ಟು ಪೌಡರ್ ಹಾಕಿಕೊಂಡೆ.

ಶಾಬಾನ್ ೧೫, ಮಂಗಳವಾರ

ನನ್ನ ಬಾಯಿಗೆ ಹೊಲಿಗೆ ಹಾಕಬೇಕು.

ಸೆಮ್ಸೆಮಾಗೆ ಅಂತ ತಂದ ಬಟ್ಟೆ ನೋಡಿದೆ. ಹಳದಿ ಚುಕ್ಕೆಯ ಗೌನು, ಕಿವಿಗೆ ಬಳೆಯಷ್ಟು ದೊಡ್ಡ ಪ್ಲಾಸ್ಟಿಕ್ ರಿಂಗು. ಯಾವ ಊರಿನ ಹೆಂಗಸೂ ಹಾಕದ ಬಟ್ಟೆ. ಯಾರೂ ಕೇಳಿರಲಿಲ್ಲ, ಆದರೂ ಹೇಳಿದೆ: "ನಮ್ಮವರು ಇದನ್ನ ಹಾಕಲ್ಲ. ಜರ್ಜಾರ್ ಹಾಕ್ತಾರೆ. ತೆಳು ಕಪ್ಪು ಬಟ್ಟೆ, ಹಿಂದೆ ಒಂದು ಮೊಳ ನೆಲದ ಮೇಲೆ ಎಳೀತಿರತ್ತೆ, ನಡೆದ ಹೆಜ್ಜೆ ಅಳಿಸ್ತಾ ಬರತ್ತೆ."

ನಿರ್ದೇಶಕರ ಕಣ್ಣು ಅರಳಿತು. "ಅಸಲಿ ಇದ್ಯಾ ನಿಮ್ಮನೇಲಿ? ತಾ ಮತ್ತೆ!"

ಮುಖವಂತೂ ಸರ್ವನಾಶ ಆಯಿತು, ಬಟ್ಟೆಯಾದರೂ ಸರಿಯಿದ್ದರೆ ಒಂದು ಸರಿಯಾದದ್ದು ಇದ್ದ ಹಾಗಾಗುತ್ತದಲ್ಲ ಅಂದುಕೊಂಡೆ. ಅಷ್ಟೇ ನನ್ನ ಯೋಚನೆ. ದೇವರಾಣೆ ಅಷ್ಟೇ.

ಅವ್ವ ಮಾರ್ಕೆಟ್ಟಿಗೆ ಹೋದಾಗ ಪೆಟ್ಟಿಗೆ ತೆಗೆದೆ. ಅಣೆಕಟ್ಟಿನ ನೀರಲ್ಲಿ ಊರು ಮುಳುಗುವ ಮುಂಚೆ, ಸರ್ಕಾರದ ಹಡಗು ಹತ್ತಿದ ದಿನ ಅವ್ವ ಉಟ್ಟಿದ್ದ ಜರ್ಜಾರ್. ಆಗ ಅವಳಿಗೆ ಹದಿನೆಂಟು ವರ್ಷ. ಹಡಗಿನ ಮೊಳೆಗೆ ಸಿಕ್ಕಿ ಭುಜದ ಹತ್ತಿರ ಹರಿದದ್ದಕ್ಕೆ ನೀಲಿ ದಾರದ ತೇಪೆ ಇದೆ, ಕಪ್ಪು ದಾರ ಸಿಕ್ಕಿರಲಿಲ್ಲವಂತೆ. ಆಮೇಲೆ ಅವಳು ಅದನ್ನು ಉಡಲೇ ಇಲ್ಲ.

ಅಶ್ರಿ ಬಾಗಿಲಲ್ಲಿ ನಿಂತಿದ್ದಳು. ಹದಿಮೂರು ವರ್ಷದ ಹುಡುಗಿ, ಪೊಲೀಸಿನವಳ ಹಾಗೆ ಕೇಳಿದಳು: "ಅಜ್ಜೀನ ಕೇಳಿದ್ಯಾ?"

"ವಾಪಸ್ ತಂದಿಡ್ತೀನಲ್ಲೇ. ಅವಳಿಗೆ ಗೊತ್ತೂ ಆಗಲ್ಲ."

ಶಾಬಾನ್ ೨೦, ಭಾನುವಾರ

ನೆವೀನ್ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು. ಕೆಟ್ಟವಳಲ್ಲ. ನನಗೆ ಅಂತ ಒಂದು ಡಬ್ಬ ಖರ್ಜೂರ ತಂದಿದ್ದಳು. ಅಶ್ರಿ ಓದು ಹೇಗಿದೆ ಅಂತ ಕೇಳುತ್ತಾಳೆ. ಇವತ್ತು ಕೈ ಹಿಡಿದುಕೊಂಡು ಕೇಳಿದಳು: "ನಬ್ರಾ, ನಿಮ್ಮಮ್ಮ ಹೇಗೆ ನಡೀತಾರೆ? ಸ್ವಲ್ಪ ತೋರಿಸು ಕಣೇ."

ಅವ್ವ ಮೂವತ್ತು ವರ್ಷ ಶ್ರೀಮಂತರ ಬಡಾವಣೆ ಜಮಾಲೆಕ್‌ನ ಒಂದು ದೊಡ್ಡ ಮನೆಯ ಅಮೃತಶಿಲೆಯ ಮೆಟ್ಟಿಲು ಒರೆಸಿದಳು. ಬಲ ಮಂಡಿ ಹೋಗಿದೆ. ಒಂದು ಕೈ ಸೊಂಟದ ಮೇಲಿಟ್ಟು, ಒಂದು ಕಾಲು ಎಳೆಯುತ್ತ, ಏನಾದರೂ ಹೊಸದು ಕಂಡರೆ ಥಟ್ಟನೆ ನಿಂತು "ವೋ ನೋರ್!" ಅನ್ನುತ್ತಾಳೆ. ದೇವರೇ ಅಂತ ನಮ್ಮ ಭಾಷೆಯಲ್ಲಿ.

ತೋರಿಸಿದೆ. ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಂದ್ಸಲ, ಇನ್ನೊಂದ್ಸಲ!" ಅಂದರು. ಇನ್ನೊಂದು ಸಲ ಮಾಡಿದೆ, ಮೊದಲಿಗಿಂತ ಚೆನ್ನಾಗಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಕೋಣೆಯ ಕಣ್ಣುಗಳೆಲ್ಲ ನನ್ನ ಮೇಲಿದ್ದವು. ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತಿದೆ, ಆದರೆ ಖುಷಿಯಾಯಿತು.

ಶಾಬಾನ್ ೨೮, ಸೋಮವಾರ

ಜರ್ಜಾರಿನ ಬಾಲಕ್ಕೆ ಕಾಲು ತೊಡರಿ ನೆವೀನ್ ಎರಡು ಸಲ ಮುಗ್ಗರಿಸಿದಳು. ಮೊದಲನೆಯದನ್ನು ನಗುವಿಗೆ ಅಂತ ಇಟ್ಟುಕೊಂಡರು. ಎರಡನೆಯದಕ್ಕೆ ವಸ್ತ್ರದ ವಿಭಾಗದವಳು ಕತ್ತರಿ ತಂದಳು.

ಒಂದು ಮೊಳ ಕತ್ತರಿಸಿದರು. ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ಸ್ಪಂಜು ಇತ್ತು.

ತುಂಡನ್ನು ಕಸದ ಬುಟ್ಟಿಯಿಂದ ತೆಗೆದು ಬ್ಯಾಗಿನಲ್ಲಿಟ್ಟುಕೊಂಡೆ.

ರಂಜಾನ್ ೧, ಗುರುವಾರ

ಇವತ್ತು ಬೇಗ ಬಿಟ್ಟರು. ಅವ್ವ ಅಬ್ರೀ ಮಾಡಿದ್ದಳು. ಒಣರೊಟ್ಟಿ ನೆನೆಸಿದ ಆ ಹುಳಿನೀರು ಗಂಟಲಿಗಿಳಿದ ಮೇಲೇ ನಮ್ಮ ಮನೆಯಲ್ಲಿ ರಂಜಾನ್ ಶುರು. ಅಜಾನ್ ಆಯಿತು, ಬಾಯಿಗೆ ಖರ್ಜೂರ ಹಾಕಿಕೊಂಡೆವು, ಅವ್ವ ಊಟವನ್ನೂ ಬಿಟ್ಟು ಟೀವಿ ಮುಂದೆ ಕೂತಳು.

ಶೀರ್ಷಿಕೆ ಗೀತೆಯ ಮೇಲೆ ಹೆಸರುಗಳು ಓಡಿದವು. ಅಶ್ರಿ ಒಂದೂ ಬಿಡದೆ ಓದಿದಳು. ಕೇಶ ವಿನ್ಯಾಸ, ಇಂಥವರು. ಪ್ರಸಾಧನ, ವಗ್ದಿ ಸಬ್ರಿ. ವಿದ್ಯುತ್, ಇಂಥವರು.

"ನಬ್ರಾದು?"

"ಇಲ್ಲ ಅಜ್ಜಿ."

"ನಾಳೆ ಬರತ್ತೆ ಬಿಡು. ಮೊದಲ ದಿನ ಗಡಿಬಿಡಿ ಇರತ್ತೆ ಪಾಪ."

ರಂಜಾನ್ ೩, ಶನಿವಾರ

ಇವತ್ತು ಸೆಮ್ಸೆಮಾ ಬಂದಳು.

ಉಮ್ಮ್ ರಾಮಿಜ್ ಕುನಾಫಾ ಸಿಹಿಯ ತಟ್ಟೆ ಹಿಡಿದು ಮೇಲೆ ಬಂದಿದ್ದಳು. ಸೆಮ್ಸೆಮಾ ಕಾಲೆಳೆಯುತ್ತ ಒಳಗೆ ಬಂದು ಫ್ರಿಜ್ಜಿನ ದೀಪ ಹತ್ತಿದ್ದಕ್ಕೆ ಹೆದರಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಎಲ್ಲರಿಗಿಂತ ಮೊದಲು ನಕ್ಕವಳು ಅವ್ವ. "ಯಾರಪ್ಪಾ ಇವಳು! ನೋಡು ನೋಡು, ಹೇಗೆ ನಡೀತಾಳೆ!" ಅಂತ ತೊಡೆ ತಟ್ಟಿಕೊಂಡು ನಕ್ಕಳು. ಉಮ್ಮ್ ರಾಮಿಜ್ ಅವ್ವನ ಕಡೆ ನೋಡಿದಳು, ಟೀವಿ ಕಡೆ ನೋಡಿದಳು, ತಟ್ಟೆ ಕಡೆ ನೋಡಿದಳು.

ಆಮೇಲೆ ಸೆಮ್ಸೆಮಾ "ವೋ ನೋರ್!" ಅಂದಳು. ಕ್ಯಾಮೆರಾ ಹತ್ತಿರ ಬಂತು. ಭುಜದ ಮೇಲೆ ನೀಲಿ ದಾರ.

ಅವ್ವನ ನಗು ಬಾಯಲ್ಲೇ ನಿಂತಿತು. ಎದ್ದಳು. ಪೆಟ್ಟಿಗೆಯ ಹತ್ತಿರ ಹೋಗಿ ಮುಚ್ಚಳದ ಮೇಲೆ ಕೈಯಿಟ್ಟು ನಿಂತಳು, ತೆಗೆಯಲಿಲ್ಲ. ನನ್ನ ಕಡೆ ತಿರುಗದೆ ಕೇಳಿದಳು: "ಕೆಲಸ ಮುಗಿದ ಮೇಲೆ ವಾಪಸ್ ಕೊಡ್ತಾರಾ?"

"ಕೊಡ್ತಾರೆ ಅವ್ವ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

ರಂಜಾನ್ ೫, ಸೋಮವಾರ

ಅವ್ವ ನಮ್ಮೆದುರು ಕುಂಟದೆ ನಡೆಯಲು ನೋಡುತ್ತಿದ್ದಾಳೆ. ಅಡುಗೆಮನೆಯಿಂದ ಹಜಾರಕ್ಕೆ ಗೋಡೆ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು ನೆಟ್ಟಗೆ ಬರುತ್ತಾಳೆ.

ಇವತ್ತೂ ಹೆಸರಿಲ್ಲ.

ರಂಜಾನ್ ೮, ಗುರುವಾರ

ಸಂಜೆ ಬೇಯಿಸಿದ ಹುರುಳಿ ಮಾರುವವನು ಅವ್ವನನ್ನು ಕಂಡ ಕೂಡಲೇ "ಬಾ ಸೆಮ್ಸೆಮಾ, ವೋ ನೋರ್!" ಅಂದನಂತೆ. ಇಪ್ಪತ್ತು ವರ್ಷದಿಂದ ಅವಳನ್ನು ಗೌರವದಿಂದ ಹಾಜ್ಜಾ ದಹೀಬಾ ಅಂತ ಕರೆಯುತ್ತಿದ್ದ ಮನುಷ್ಯ. ತಮಾಷೆಗೆ ಅಂದದ್ದು, ಅವನಿಗೆ ಕೆಟ್ಟ ಬುದ್ಧಿಯಿಲ್ಲ. ಅವ್ವ ಪಾತ್ರೆಯನ್ನು ಅಲ್ಲೇ ಬಿಟ್ಟು ವಾಪಸ್ ಬಂದಿದ್ದಾಳೆ. ಹೋಗಿ ತಂದವಳು ಅಶ್ರಿ.

ಅಶ್ರಿಯನ್ನು ಶಾಲೆಯಲ್ಲಿ ಹುಡುಗಿಯರು ಸೆಮ್ಸೆಮಾಳ ಮಗಳು ಅನ್ನುತ್ತಾರಂತೆ. ಅದನ್ನು ಹೇಳಿ, ಊಟದ ತಟ್ಟೆ ನೋಡುತ್ತ ಕೇಳಿದಳು: "ಆ ಬಣ್ಣ ಹಚ್ಚೋದು ನೀನೇ ತಾನೆ?"

"ನಾನು ಹಚ್ಚದಿದ್ರೆ ಇನ್ಯಾರೋ ಹಚ್ತಾರೆ. ನಿನ್ನ ಫೀಸು ಯಾರಪ್ಪ ಕಟ್ತಾನೆ?" ಅಂದೆ. ಅವಳಪ್ಪ ತೀರಿಹೋಗಿ ಆರು ವರ್ಷ. ಆ ಮಾತು ಹೇಗೆ ಬಾಯಿಂದ ಬಂತೋ, ನಾಲಗೆ ಕಿತ್ತುಹಾಕಬೇಕು ಅನ್ನಿಸಿತು.

ಅವಳು ಅಳಲಿಲ್ಲ. "ನಿನ್ನ ಮುಖ ಒಂದು ಬಣ್ಣ, ಕತ್ತು ಒಂದು ಬಣ್ಣ ಆಗಿದೆ ಅಮ್ಮ, ನೋಡ್ಕೋ" ಅಂದಳು.

ದೀಪದ ಕೆಳಗೆ ದಿನವಿಡೀ ನಿಂತವರಿಗೆ ಹಾಗಾಗುತ್ತದೆ. ನಾಳೆಯಿಂದ ಕತ್ತಿಗೂ ಹಚ್ಚಬೇಕು. ಈಗಿನ ಪೌಡರ್ ಡಬ್ಬಿ ಮುಗಿಯುತ್ತ ಬಂತು, ಮುಂದಿನದು ಒಂದು ಮೆಟ್ಟಿಲು ತಿಳಿ ಬಣ್ಣದ್ದೇ ತರುತ್ತೇನೆ, ಅದೇ ಚೆನ್ನಾಗಿ ಹೊಂದುತ್ತದೆ.

ರಂಜಾನ್ ೧೨, ಸೋಮವಾರ

ಪತ್ರಿಕೆಯಲ್ಲಿ ನೆವೀನ್ ಸಂದರ್ಶನ ಬಂದಿದೆ, ಎರಡು ಪುಟ. "ದಿನಕ್ಕೆ ಎರಡು ಗಂಟೆ ಕುರ್ಚಿಯಲ್ಲಿ ಅಲುಗಾಡದೆ ಕೂತೆ. ಚರ್ಮ ಉರಿಯಿತು. ಕಣ್ಣೀರು ಬಂತು. ಆ ಹೆಣ್ಣುಮಕ್ಕಳ ನೋವು ನನಗೆ ಆಗ ಅರ್ಥವಾಯಿತು." ಕೆಳಗೆ ಒಬ್ಬ ವಿಮರ್ಶಕ ಅವಳ ಧೈರ್ಯವನ್ನು ಹೊಗಳಿದ್ದಾನೆ. ಎರಡು ಗಂಟೆ ಕಪ್ಪಗಿರುವುದಕ್ಕೆ ಅಷ್ಟು ಧೈರ್ಯ ಬೇಕೆಂದು ನನಗೆ ಗೊತ್ತಿರಲಿಲ್ಲ.

ಜೊತೆಗೊಂದು ದೊಡ್ಡ ಫೋಟೋ. ಅವಳ ಕೆನ್ನೆ ಮೇಲೆ ಸ್ಪಂಜು, ಸ್ಪಂಜಿನ ಹಿಂದೆ ಒಂದು ಕೈ. ಮಣಿಕಟ್ಟಿಗೆ ಫೋಟೋ ಮುಗಿಯುತ್ತದೆ. ಉಂಗುರ ನೋಡಿ ನನ್ನದೇ ಕೈ ಅಂತ ಗೊತ್ತಾಯಿತು.

ಉಸ್ತಾಜ್ ವಗ್ದಿಯನ್ನು ಹಿಡಿದು ಕೇಳಿದೆ. "ಮುಂದಿನ ವಾರ ಕಣಮ್ಮ. ಟೈಟಲ್ ಮತ್ತೆ ಮಾಡಿಸೋದು ಅಂದ್ರೆ ಹುಡುಗಾಟಾನಾ?" ಅಂದರು. ಅವರಿಗೆ ಕಾರ್ಡಿದೆ. ಅವರಿಗೆ ಎಲ್ಲ ಮುಂದಿನ ವಾರ.

ರಂಜಾನ್ ೧೬, ಶುಕ್ರವಾರ

ಗಲಾಟೆ ಶುರುವಾಗಿದೆ. ನಮ್ಮ ನೂಬಿಯಾದ ಹುಡುಗ ಹುಡುಗಿಯರು ಫೋನಿನಲ್ಲಿ ಎಲ್ಲ ಕಡೆ ಹಾಕುತ್ತಿದ್ದಾರೆ: ನಮ್ಮ ತಾಯಂದಿರು ನಿಮ್ಮ ತಮಾಷೆಯಲ್ಲ. ಒಂದು ಹುಡುಗಿ ತನ್ನ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದ್ದಾಳೆ. ಮೇಕಪ್ ಕೋಣೆಯ ಮೂಲೆಯಲ್ಲಿ ನಿಂತು ಮೂರು ಸಲ ನೋಡಿದೆ. ಎದೆ ತುಂಬಿ ಬಂತು. ಹೊಡೀರಿ, ಇನ್ನೂ ಹೊಡೀರಿ ಅಂದುಕೊಂಡೆ.

ಮಧ್ಯಾಹ್ನ ನಿರ್ಮಾಪಕರು ಕರೆಸಿದರು. ಇಷ್ಟು ವರ್ಷದಲ್ಲಿ ಅವರು ನನ್ನ ಹೆಸರು ಹಿಡಿದು ಕರೆದದ್ದು ಇವತ್ತೇ. ಕೂರಿಸಿದರು.

"ನೋಡು ನಬ್ರಾ ತಾಯಿ. ಭಾನುವಾರ ನೆವೀನ್ ಮೇಡಂ ಟೀವಿ ಮಾತುಕತೆಗೆ ಹೋಗ್ತಿದ್ದಾರೆ. ನೀನೂ ಪಕ್ಕದಲ್ಲಿ ಕೂತ್ಕೋ. ಬಣ್ಣ ಹಚ್ಚಿದ್ದು ನಿಮ್ಮೋಳೇ, ಬಟ್ಟೆ ನಿಮ್ಮಮ್ಮಂದೇ, ಅವರೇ ಖುಷಿಯಿಂದ ಕೊಟ್ಟಿದ್ದು. ಅಷ್ಟು ಹೇಳು ಸಾಕು. ಇಪ್ಪತ್ತನೇ ಕಂತಿನಿಂದ ಟೈಟಲ್‌ನಲ್ಲಿ ನಿನ್ನ ಹೆಸರು. ಸಂಘಕ್ಕೆ ಕಾಗದ ನಾನೇ ಬರೀತೀನಿ."

"ಹೋಗದಿದ್ರೆ?"

"ಯಾಕಮ್ಮ ಹಾಗಂತೀಯ? ಜರ್ಜಾರ್ ಯಾರ ಮನೇದು ಅಂತ ಆ ಹುಡುಗರಿಗೆ ನಾವೇ ಹೇಳ್ಬೇಕಾಗತ್ತೆ ಅಷ್ಟೆ. ಹಬ್ಬ ಆದ್ಮೇಲೆ ಗೇಟಿನ ವಿಷಯ ನಿನಗೆ ಗೊತ್ತೇ ಇದೆ."

ನಗುತ್ತಲೇ ಹೇಳಿದರು. ಸಂಜೆ ಉಪವಾಸ ಬಿಡಲಿಕ್ಕೆ ಅಂತ ಖರ್ಜೂರದ ಪೊಟ್ಟಣವನ್ನೂ ಕೈಗಿಟ್ಟರು.

ರಂಜಾನ್ ೧೭, ಶನಿವಾರ

ತಲೆ ಕೆಟ್ಟು ಕೆರ ಹಿಡಿದಿದೆ. ಏನು ಮಾಡಲಿ?

ಹೋಗುವುದಿಲ್ಲ ಅಂದರೆ ಹಬ್ಬದ ಮಾರನೆ ದಿನದಿಂದ ನಾನು ಯಾರು? ಮುಖಕ್ಕೆ ಬಣ್ಣ ಹಚ್ಚುವುದು ಬಿಟ್ಟು ನನಗೆ ಬರುವ ಕೆಲಸ ಇನ್ನೊಂದಿಲ್ಲ. ಮದುವೆ ಮನೆಗಳಲ್ಲಿ ಮದುಮಗಳನ್ನು ಸಿಂಗರಿಸಲು ಹೋಗಿದ್ದೆ ಒಮ್ಮೆ. ಮದುಮಗಳ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಾತ್ರೆ ತೊಳೆಯುವ ಕಡೆ ದಾರಿ ತೋರಿಸಿದಳು. ಅವ್ವ ಒರೆಸಿದ ಮೆಟ್ಟಿಲುಗಳು ಇನ್ನೂ ಅಲ್ಲೇ ಇವೆ. ನನ್ನ ಮಂಡಿ ಗಟ್ಟಿಯಿದೆ. ನನ್ನದು ಮುಗಿದ ಮೇಲೆ ಅಶ್ರಿಯ ಮಂಡಿ ಇದೆ. ಇದು ಹೀಗೆ ಮುಂದುವರಿಯಬಾರದು ಅಂತ ತಾನೆ ನಾನು ಬ್ರಷ್ ಹಿಡಿದದ್ದು?

ಹೋದರೆ ಏನಾಗುತ್ತದೆ? ನಾಲ್ಕು ಮಾತು. ಬಣ್ಣ ನಾನೇ ಹಚ್ಚಿದೆ, ಅದು ನಿಜ. ಬಟ್ಟೆ ಅವ್ವನದು, ಅದೂ ನಿಜ. ಸುಳ್ಳು ಒಂದೇ ಒಂದು. ಜನ ದಿನಕ್ಕೆ ನೂರು ಸುಳ್ಳು ಹೇಳಿ ಮಸೀದಿಗೆ ಹೋಗುತ್ತಾರೆ.

ಅವ್ವನಿಗೆ ಮೊದಲೇ ಹೇಳಿಬಿಡೋಣ ಅಂತ ಅವಳ ಪಕ್ಕ ಕೂತೆ. ಅಕ್ಕಿ ಆರಿಸುತ್ತಿದ್ದಳು. "ಏನೇ, ಹೊಟ್ಟೆ ನೋವಾ?" ಅಂದಳು. "ಇಲ್ಲ ಅವ್ವ, ನಾಳೆ ಟೀವಿಯಲ್ಲಿ ಬರ್ತೀನಿ" ಅಂದೆ. ಅವಳ ಮುಖ ಅರಳಿತು. ಮಿಕ್ಕದ್ದು ಹೇಳದೆ ನಾನೂ ಅಕ್ಕಿ ಆರಿಸತೊಡಗಿದೆ.

ಯಾ ಅಲ್ಲಾ, ಬೇರೆ ದಾರಿ ಇದ್ದರೆ ತೋರಿಸು. ಇವತ್ತೇ ತೋರಿಸು.

ರಂಜಾನ್ ೧೮, ಭಾನುವಾರ

ಹೋದೆ.

ರಂಜಾನ್ ೧೯, ಸೋಮವಾರ

ಬರೆದುಬಿಡುತ್ತೇನೆ. ಬರೆಯದಿದ್ದರೆ ಹೊಟ್ಟೆಯೊಳಗೆ ಕೊಳೆಯುತ್ತದೆ.

ಆ ಚಾನೆಲ್ಲಿನ ಮೇಕಪ್ ಹುಡುಗಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ನಾನು ಆ ಕುರ್ಚಿಯಲ್ಲಿ ಕೂತದ್ದು ಜೀವಮಾನದಲ್ಲಿ ಮೊದಲು. "ನಿಮ್ಮನ್ನ ಸ್ವಲ್ಪ ಎತ್ತಬೇಕಕ್ಕ, ಇಲ್ಲಾಂದ್ರೆ ಕ್ಯಾಮೆರಾ ನುಂಗಿಬಿಡತ್ತೆ" ಅಂತ ಹಚ್ಚುತ್ತಾ ಹೋದಳು. ಒಳ್ಳೆ ಕೈ ಅವಳದು. ಎಲ್ಲೂ ಗೆರೆ ಕಾಣದ ಹಾಗೆ ಹಚ್ಚಿದಳು. ಕನ್ನಡಿ ನೋಡಿ, ಪರವಾಗಿಲ್ಲ, ಚೆನ್ನಾಗಿದ್ದೇನೆ ಅಂದುಕೊಂಡೆ.

ನೆವೀನ್ ಪೂರ್ತಿ ಸೆಮ್ಸೆಮಾ ಆಗಿಯೇ ಬಂದಿದ್ದಳು, ಜನಕ್ಕೆ ಇಷ್ಟವಾಗುತ್ತದೆ ಅಂತ. ಅವ್ವನ ಜರ್ಜಾರ್ ಅವಳ ಹಿಮ್ಮಡಿಯ ಮೇಲೆ ಜೋತಾಡುತ್ತಿತ್ತು. ಕುತ್ತಿಗೆಯ ಪಟ್ಟಿಯಲ್ಲಿ ನನ್ನ ಬಣ್ಣ ಹತ್ತಿ ಕಂದು ಕಲೆಯಾಗಿತ್ತು.

ಕಾರ್ಯಕ್ರಮ ನಡೆಸುವವನು ಕೇಳಿದ: "ನಬ್ರಾ ಮೇಡಂ, ನೀವು ಆ ಕಡೆಯವರೇ. ನಿಮಗೆ ಬೇಜಾರಾಯ್ತಾ?"

"ಛೆ, ಬೇಜಾರು ಯಾಕೆ? ನಮ್ಮವ್ವ ಪೆಟ್ಟಿಗೆಯಿಂದ ತಾನೇ ತೆಗೆದು ಕೊಟ್ಟಳು. ಮನೇಲಿ ಎಲ್ಲರಿಗಿಂತ ಜೋರಾಗಿ ನಗೋದೇ ಅವಳು."

ಚಪ್ಪಾಳೆ ಬಿತ್ತು. ನೆವೀನ್ ನನ್ನನ್ನು ತಬ್ಬಿಕೊಂಡಳು, ಜಾಗ್ರತೆಯಾಗಿ, ಬಣ್ಣ ಹತ್ತದ ಹಾಗೆ.

ಮನೆಗೆ ಬಂದಾಗ ಅಶ್ರಿ ಬಾಗಿಲು ತೆಗೆದಳು. ದಾರಿ ಬಿಡಲಿಲ್ಲ.

"ಅಜ್ಜಿ ಕೊನೇವರೆಗೂ ಕಾದಳು. ನಿಮ್ಮಮ್ಮ ಯಾವಾಗ ಬರ್ತಾಳೆ, ಯಾವಾಗ ಬರ್ತಾಳೆ ಅಂತ. ನೀನು ಮಾತಾಡಿದಾಗ, ದನಿ ನಬ್ರಾದೇ, ಆ ಬಿಳಿ ಹೆಂಗಸು ಯಾರೇ ಅಂದಳು."

"ನೀನೇನಂದೆ?"

"ಗೊತ್ತಿಲ್ಲ ಅಂದೆ. ಆಮೇಲೆ ಅವಳಿಗೇ ಗೊತ್ತಾಯ್ತು."

ಒಳಗೆ ಅವ್ವ ಕೂತಿದ್ದಳು. ನಾನು ಮನೆಯಲ್ಲೇ ಬಿಟ್ಟುಹೋಗಿದ್ದ ಕೆಲಸದ ಬ್ಯಾಗು ಅವಳ ಪಕ್ಕದಲ್ಲಿತ್ತು, ಜರ್ಜಾರಿನ ಆ ಒಂದು ಮೊಳ ಅವಳ ಮಡಿಲಲ್ಲಿತ್ತು. "ಅಬ್ರೀ ಇಟ್ಟಿದ್ದೀನಿ, ಕುಡಿ. ಬಾಯಿ ಒಣಗಿರತ್ತೆ ಮಾತಾಡಿ ಮಾತಾಡಿ" ಅಂದಳು.

ಸೋಪು ಹಾಕಿ ಮುಖ ತೊಳೆದೆ. ಎರಡು ಸಲ ತೊಳೆದೆ. ನೀರು ಕೆನೆ ಬಣ್ಣವಾಗಿ ಹೋಗುತ್ತಲೇ ಇತ್ತು.

ರಂಜಾನ್ ೨೦, ಮಂಗಳವಾರ

ಅಜಾನ್ ಆಯಿತು. ಮೂವರೂ ಉಪವಾಸ ಬಿಟ್ಟೆವು. ಟೀವಿ ಹಾಕುವುದು ಬೇಡ ಅಂತ ಹೇಳಬೇಕು ಅಂತಿದ್ದೆ, ಅಷ್ಟರಲ್ಲಿ ಅವ್ವನೇ "ಹಾಕು ಮಗಾ, ಓದು" ಅಂದಳು ಅಶ್ರಿಗೆ.

ಹಾಡು ಶುರುವಾಯಿತು. ಅಶ್ರಿ ಓದುತ್ತಾ ಹೋದಳು. ವಸ್ತ್ರ, ಇಂಥವರು. ಕೇಶ ವಿನ್ಯಾಸ, ಇಂಥವರು.

ಆಗ ಬಂತು. ಹಳದಿ ಅಕ್ಷರ, ಇಡೀ ಪರದೆಯ ಮೇಲೆ ನಾನೊಬ್ಬಳೇ. ಸೆಮ್ಸೆಮಾ ಪ್ರಸಾಧನ, ನಬ್ರಾ ಸಾಲಿಹ್ ದಾವೂದ್. ಮೂರು ಸೆಕೆಂಡು ಇರಬಹುದು. ನನ್ನ ಅಪ್ಪನ ಹೆಸರು, ತಾತನ ಹೆಸರು, ಒಂದು ಚುಕ್ಕೆಯೂ ತಪ್ಪಿರಲಿಲ್ಲ.

ಅಶ್ರಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಪರದೆ ಬದಲಾಯಿತು. "ವಿದ್ಯುತ್, ಹಸನೈನ್ ಫರಗ್" ಅಂತ ಓದಿದಳು.

"ಇವತ್ತೂ ಬರಲಿಲ್ವಾ?" ಅವ್ವ ಕೇಳಿದಳು.

"ಇಲ್ಲ ಅಜ್ಜಿ."

ಅವ್ವ ನನ್ನ ಕಡೆ ತಿರುಗಿದಳು. ಮೊನ್ನೆಯಿಂದ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು. "ನೀನೂ ನೋಡ್ದೆ ಅಲ್ವಾ? ಬರಲಿಲ್ಲ ತಾನೆ?"

ಅಶ್ರಿ ನನ್ನ ಕಡೆ ನೋಡಲಿಲ್ಲ. ಹಾಡು ಇನ್ನೂ ಮುಗಿದಿರಲಿಲ್ಲ.

"ಬರಲಿಲ್ಲ ಅವ್ವ" ಅಂದೆ.

ಅವ್ವ ಉಸಿರು ಬಿಟ್ಟಳು. ಕೈಚಾಚಿ ನನ್ನ ಮೊಣಕಾಲು ತಟ್ಟಿದಳು. "ಸದ್ಯ, ಬಿಡು. ಒಳ್ಳೆಯದೇ ಆಯ್ತು. ಇಂಥದ್ದರ ಮೇಲೆ ನಿನ್ನ ಹೆಸರು ಬರಬಾರದು. ನಿನಗೆ ಹೆಸರಿಟ್ಟವಳು ನಾನು. ಇನ್ನು ಓದೋದು ಬೇಡ ಮಗಾ, ಆರಿಸು."

ಅಶ್ರಿ ಟೀವಿ ಆರಿಸಿದಳು. ಇನ್ನೂ ಹತ್ತು ದಿನ ನನ್ನ ಹೆಸರು ಬರುತ್ತದೆ.